ಮಾತಿನ ನಡುವೆ ಉಸಿರಾಡಿದವರು

"ಅಣ್ಣಾರ, ನಿಮ್ಮ ಹಿಂದ ಕುಂತಾಕಿ ಯಾರ್ರೀ?"

ಗಣಿಯಿಂದ ದೂರದ ಮೆಟ್ರಿ ಹಳ್ಳಿಯ ಈರಮ್ಮ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆಯೇ ಇದು. ಭತ್ತದ ಗದ್ದೆಗೂ ಟ್ರಾನ್ಸಿಸ್ಟರ್ ಒಯ್ಯುವ ಹೆಂಗಸು. ರೇಡಿಯೋದಲ್ಲಿ ನಾನು ನಡೆಸುವ ಮಧ್ಯಾಹ್ನದ ಕಾರ್ಯಕ್ರಮವನ್ನು ತಪ್ಪಿಸಿದವರಲ್ಲ.

"ಸ್ಟುಡಿಯೋದಾಗ ನಾನೊಬ್ಬನ ಇದ್ದೆ ಅಮ್ಮಾರ" ಎಂದೆ.

"ಇಲ್ರೀ. ನೀವು ಮಾತು ನಿಲ್ಲಿಸಿದಾಗೆಲ್ಲ ಹಿಂದ ಯಾರೋ ಉಸುರು ಬಿಡತಾರ. ಸಣ್ಣಗ, ಸಿಳ್ಳಿ ಹೊಡದಂಗ. ನಮ್ಮ ಸೊಸಿನೂ ಕೇಳ್ಯಾಳ. ಹೆದರಿ ಬಂದ್ ಮಾಡಿದ್ಲು."

ನಕ್ಕು ಫೋನಿಟ್ಟೆ. ಇಟ್ಟವನು ಒಮ್ಮೆ ಹಿಂದೆ ತಿರುಗಿ ನೋಡಿದೆ. (ನೀವಾಗಿದ್ದರೂ ನೋಡುತ್ತಿದ್ದಿರಿ, ಸುಳ್ಳು ಹೇಳಬೇಡಿ.) ಗೋಡೆ, ಖಾಲಿ ಕುರ್ಚಿ. ಅಷ್ಟೇ.

ಆ ವಾರ ನಮ್ಮಲ್ಲಿ ವಾಯ್ಸ್ ಪ್ರೊಸೆಸರ್ ಆರಿಸುವ ಕೆಲಸ ನಡೆದಿತ್ತು. ಅದು ಮೈಕಿಗೂ ಟ್ರಾನ್ಸ್‌ಮಿಟರ್‌ಗೂ ನಡುವೆ ಕೂರುವ ಒಂದು ಡಬ್ಬಿ. ಕೂಗಿದರೆ ತಗ್ಗಿಸುತ್ತದೆ, ಪಿಸುಗುಟ್ಟಿದರೆ ಎತ್ತಿ ಹಿಡಿಯುತ್ತದೆ. ಕಬ್ಬಿಣದ ಅದಿರಿನ ದುಡ್ಡಿನಲ್ಲಿ ಹೊಸಪೇಟೆಗೆ ಹೊಸ ಲಾಡ್ಜು, ಹೊಸ ಕಾರು, ಹೊಸ ಬಂಗಲೆ ಬರುತ್ತಿರುವಾಗ ನಮ್ಮ ಸ್ಟುಡಿಯೋಗೊಂದು ಹೊಸ ಡಬ್ಬಿ ಬಂದರೆ ತಪ್ಪೇ? ಡೀಲರ್ ಎರಡು ಮಾದರಿ ಕೊಟ್ಟುಹೋಗಿದ್ದ. ಒಂದು ಕರಿ, ಒಂದು ನೀಲಿ. ಪ್ರಯತ್ನಿಸಿ ನೋಡಿ, ಬೇಕಾದ್ದು ಇಟ್ಟುಕೊಳ್ಳಿ ಎಂದಿದ್ದ.

ಈರಮ್ಮ ಕೇಳಿದ ದಿನ ಓಡುತ್ತಿದ್ದದ್ದು ಕರಿ ಡಬ್ಬಿ.

ನಮ್ಮ ಎಂಜಿನಿಯರ್ ವೀರೇಶ ರೆಕಾರ್ಡಿಂಗ್ ಹಾಕಿದ. ಹೆಡ್‌ಫೋನಿನಲ್ಲಿ ನನ್ನ ದನಿ ದಪ್ಪವಾಗಿ, ಚೆನ್ನಾಗಿ ಬಂತು. ವಾಕ್ಯ ಮುಗಿಯಿತು. ಆಗ ಕೇಳಿಸಿತು. ಕಿಟಕಿಯ ಸಂದಿಯಲ್ಲಿ ಗಾಳಿ ನುಸುಳಿದಂಥ ಸಿಳ್ಳು. ಮತ್ತೆ ನನ್ನ ಮಾತು. ಮತ್ತೆ ಸಿಳ್ಳು. ನಾನು ಮುಗಿಸುವುದನ್ನೇ ಯಾರೋ ಕಾಯುತ್ತಿದ್ದಂತೆ.

ಎ.ಸಿ. ಆರಿಸಿದೆವು. ಕೇಬಲ್ ಬದಲಿಸಿದೆವು. ಮೈಕನ್ನೂ ಬದಲಿಸಿದೆವು. ಸಿಳ್ಳು ಹೋಗಲಿಲ್ಲ.

ವೀರೇಶ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದ. "ಸರ, ಒಂಚೂರು ಉಸುರು ಹಿಡೀರಿ" ಎಂದ.

ಹಿಡಿದೆ. ಸ್ಟುಡಿಯೋ ಸ್ತಬ್ಧವಾಯಿತು.

"ಬಿಡ್ರಿ."

ಬಿಟ್ಟೆ. ಬಂತು.

ನನ್ನ ಎದೆಯೊಳಗಿನ ಸಪ್ಪಳವನ್ನು ನಾನು ಮೊದಲ ಸಲ ಕೇಳಿದ್ದು ಹಾಗೆ. ಇಷ್ಟು ವರ್ಷ ಜೊತೆಯಲ್ಲೇ ಇದ್ದು ಒಂದು ದಿನವೂ ಗುರುತು ಹೇಳದವನು ಮೈಕಿನಲ್ಲಿ ಮಾತಾಡಿದ ಹಾಗಿತ್ತು.

ನೀಲಿ ಡಬ್ಬಿ ಹಾಕಿ ನೋಡಿದೆವು. ಅದರಲ್ಲಿ ಗೇಟ್ ಎಂಬುದೊಂದಿದೆ. ಮಾತು ನಿಂತ ಕೂಡಲೇ ಬಾಗಿಲು ಮುಚ್ಚುತ್ತದೆ, ಮುಂದಿನ ಮಾತಿಗೆ ತೆರೆಯುತ್ತದೆ. ಸಿಳ್ಳು ಮಾಯ. ನಡುವೆ ಏನೂ ಇಲ್ಲ. ಏನೂ ಇಲ್ಲವೆಂದರೆ, ಪ್ರತಿ ವಾಕ್ಯದ ಕೊನೆಗೆ ಮನುಷ್ಯ ಸತ್ತು ಮತ್ತೆ ಎದ್ದು ಬಂದ ಹಾಗೆ. ಯಾವುದು ಹೆಚ್ಚು ಹೆದರಿಸಿತು ಎಂದು ಕೇಳಿದರೆ ಈಗಲೂ ಹೇಳಲಾರೆ.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಮನಿ ಎಲ್ಲೈತಿ?"

"ಸಂಡೂರು ರಸ್ತ್ಯಾಗ."

ಅವರು ತಲೆಯಾಡಿಸಿದರು. ಆ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಕಡಿಯುವುದಿಲ್ಲ. ಅವುಗಳ ಧೂಳಿಗೆ ನಮ್ಮ ಬೇವಿನ ಮರವೂ ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಕೆಂಪು. "ಮನ್ಯಾಗ ಯಾರಿಗೂ ಕೇಳಿಸಿಲ್ಲೇನು ಇದು?" ಎಂದರು. ಇಲ್ಲ ಎಂದೆ. "ಎಲ್ಲಾರ ಎದಿಯಾಗೂ ಇದ್ರ ಯಾರಿಗೂ ಕೇಳಂಗಿಲ್ಲ ಬಿಡ್ರಿ." ಇನ್ಹೇಲರ್ ಬರೆದುಕೊಟ್ಟರು.

ಇಲ್ಲಿಗೇ ಮುಗಿದಿದ್ದರೆ ಇದು ನನ್ನ ಕಾಯಿಲೆಯ ಕಥೆ. ನಿಮಗೆ ಹೇಳುತ್ತಲೂ ಇರಲಿಲ್ಲ.

ಮರುದಿನ ಮಕ್ಕಳ ಕಾರ್ಯಕ್ರಮದ ರೆಕಾರ್ಡಿಂಗ್ ಇತ್ತು. ಅದೇ ರಸ್ತೆಯ ಒಂದು ಹಳ್ಳಿ ಶಾಲೆಯ ಮಕ್ಕಳು ಬಂದಿದ್ದರು. ಜೊತೆಗೆ ಅವರ ಶಾಂತಾ ಟೀಚರ್. ಆ ದಿನ ಮತ್ತೆ ಕರಿ ಡಬ್ಬಿಯನ್ನೇ ಜೋಡಿಸಿದ್ದೆವು. ಮಕ್ಕಳು ಮೈಕಿಗೆ ಒತ್ತಾಗಿ ನಿಂತು ಹಾಡಿದರು. ಒಂದು ನುಡಿ ಮುಗಿಯಿತು. ಟೀಚರ್ ಕೈ ಎತ್ತಿದರು, ಮಕ್ಕಳು ಸುಮ್ಮನಾದರು.

ವೀರೇಶ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಒಂದಲ್ಲ. ಹಲವು ಸಿಳ್ಳು. ಒಂದು ಎತ್ತರ, ಒಂದು ತಗ್ಗು, ಒಂದರ ಹಿಂದೊಂದು. ಗಾಜಿನಾಚೆ ಮಕ್ಕಳು ನಗುನಗುತ್ತಾ ಟೀಚರ್ ಕೈಯನ್ನೇ ನೋಡುತ್ತಿದ್ದರು.

ಹಾಡು ಮುಗಿದ ಮೇಲೆ ಟೀಚರನ್ನು ಒಳಗೆ ಕರೆದು ಹೆಡ್‌ಫೋನ್ ಕೊಟ್ಟೆವು. ಕೇಳಿದರು. ಹೆದರುತ್ತಾರೆ ಅಂದುಕೊಂಡಿದ್ದೆ. ಹೆದರಲಿಲ್ಲ.

"ಇದು ನಮ್ಮ ಕ್ಲಾಸಿನ ಸಪ್ಪಳ ರೀ ಸರ. ಹುಡುಗ್ರು ಸುಮ್ನ ಬರಿಯೋವಾಗ ದಿನಾ ಕೇಳತೀನಿ. ಫ್ಯಾನಿಂದು."

"ಕರೆಂಟ್ ಹೋದಾಗ?" ಎಂದ ವೀರೇಶ.

ಟೀಚರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಆವಾಗೂ ಕೇಳತಿತ್ತು" ಎಂದರು.

ಡಾಕ್ಟರನ್ನು ಶಾಲೆಗೆ ಕರೆದೊಯ್ದೆವು. ಅವರು ಒಂದೊಂದೇ ಮಗುವಿನ ಎದೆಗೆ ಕಿವಿಗೊಟ್ಟರು. ಔಷಧಿ ಶುರುವಾಯಿತು. ಪಂಚಾಯ್ತಿಯವರು ರಸ್ತೆಗೆ ನೀರು ಹೊಡೆಸಿದರು. ಕೆಲವು ದಿನ. ಲಾರಿಗಳು ತಾಡಪಾಲು ಕಟ್ಟಿಕೊಂಡು ಓಡಾಡಿದವು. ಅದೂ ಕೆಲವು ದಿನ.

ಉಳಿದದ್ದು ನಮ್ಮ ಪ್ರಶ್ನೆ. ಕರಿಯೋ, ನೀಲಿಯೋ?

"ಪ್ರಸಾರಕ್ಕ ನೀಲಿನ ಸರಿ ಸರ" ಎಂದ ವೀರೇಶ. ನಿಜ, ನೀಲಿಯೇ ಸರಿ. ಕೇಳುಗರಿಗೆ ಮಾತು ಬೇಕು, ನಮ್ಮ ಪುಪ್ಪುಸ ಯಾಕೆ? ನೀಲಿಯನ್ನೇ ಇಟ್ಟುಕೊಂಡೆವು. ಆದರೆ ಮಕ್ಕಳ ಹಾಡು ಕರಿಯಲ್ಲಿ ರೆಕಾರ್ಡ್ ಆಗಿತ್ತಲ್ಲ? ಅದನ್ನು ಕತ್ತರಿಸಿ ಚೊಕ್ಕ ಮಾಡಲೇ ಎಂದು ಟೀಚರಿಗೆ ಫೋನ್ ಮಾಡಿದೆ.

"ಬ್ಯಾಡ್ರಿ ಸರ. ಅವರ ಮನಿಯವರನ್ನ ಕೇಳೀನಿ, ಹೂಂ ಅಂದಾರ. ಹಂಗ ಬಿಡ್ರಿ. ಊರು ಕೇಳ್ಲಿ."

ಹಾಗೆಯೇ ಬಿಟ್ಟೆವು. ನುಡಿ, ನಡುವೆ ಆ ಸಿಳ್ಳುಗಳು, ಮತ್ತೆ ನುಡಿ. ಫೋನಿನ ಪಕ್ಕ ಕುಳಿತು ಕಾದೆ. ಆ ರಸ್ತೆಯ ಊರುಗಳಿಂದ ಒಂದು ಫೋನೂ ಬರಲಿಲ್ಲ. ಕೇಳಿರಲಿಲ್ಲವೇ? ಕೇಳಿದ್ದರು. ಊರಿಗೆ ಊರೇ ರೇಡಿಯೋ ಮುಂದೆ ಕೂತಿತ್ತು ಎಂದು ಟೀಚರ್ ಹೇಳಿದರು. ಹಾಡು ಮಸ್ತ್ ಬಂತು ಅಂದರಂತೆ. ನಡುವೆ ಏನಾದರೂ ಕೇಳಿಸಿತೇ ಎಂದು ಟೀಚರ್ ಮನೆಮನೆಗೆ ಹೋಗಿ ವಿಚಾರಿಸಿದರಂತೆ.

ಏನೂ ಇಲ್ಲವಲ್ಲ ಅಂದರಂತೆ.

ನೀವು ಈಗ ಎಲ್ಲಿ ಕೂತು ಓದುತ್ತಿದ್ದೀರಿ? ಒಂದು ನಿಮಿಷ ಪೇಪರ್ ಮಡಚಿ, ಮನೆಯವರನ್ನೂ ಸುಮ್ಮನಿರಲು ಹೇಳಿ, ಕಿವಿಗೊಡಿ.

ಏನೂ ಕೇಳಿಸುತ್ತಿಲ್ಲ ಅನ್ನುತ್ತೀರಾ? ನನ್ನ ಭಯವೂ ಅದೇ.