ಅಕ್ಕನ ಗಿಲಾಸು

ಅಕ್ಕನ ಗದ್ದದ ಮೇಲೆ ಮೂರು ಹಸಿರು ಹಚ್ಚೆಯ ಚುಕ್ಕೆಗಳಿದ್ದವು. ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವಾಗ ಗದ್ದ ಮುದುಡಿ ಆ ಮೂರೂ ಒಂದೇ ಕಡೆ ಬಂದು ಸೇರುತ್ತಿದ್ದವು. ಸೊರಬದ ಆ ಮನೆಗೆ ಎರಡನೆಯ ಸೊಸೆಯಾಗಿ ಹೋದಾಗ ನಾನು ಮೊದಲು ಗಮನಿಸಿದ್ದು ಅದನ್ನೇ. ಅವಳು ಹಿರಿಯ ಸೊಸೆ, ನನ್ನ ಓರಗಿತ್ತಿ. ನಾನು ಅಕ್ಕ ಎನ್ನುತ್ತಿದ್ದೆ. ಶಿಕಾರಿಪುರದ ಕಡೆಯವಳು, ತೊಗರ್ಸಿ ಹತ್ತಿರದ ಒಕ್ಕಲು ಮನೆತನ. ನಾನು ಸೊರಬಕ್ಕೆ ಹತ್ತಿರದ ಕುಪ್ಪಗಡ್ಡೆಯವಳಾದ್ದರಿಂದ ನನ್ನ ಮಾತು ಆ ಮನೆಯವರಿಗೆ ಬೇರೆಯಾಗಿ ಕೇಳಿಸಲಿಲ್ಲ. ಅವಳದು ಕೇಳಿಸುತ್ತಿತ್ತು.

ನಯಾಪೈಸೆ ಬಂದ ಹೊಸತು. ಮನೆಗೆ ಒಂದೊಂದಾಗಿ ಪೇಟೆಯ ಸಾಮಾನು ಬರುತ್ತಿತ್ತು, ಸಾಮಾನಿನ ಜೊತೆ ಅದರ ಇಂಗ್ಲಿಷ್ ಹೆಸರೂ ಬರುತ್ತಿತ್ತು. ಸೀಮೆಎಣ್ಣೆಯ ಸ್ಟೋವು, ಗಾಜಿನ ಗ್ಲಾಸು, ಪಿಂಗಾಣಿ ಪ್ಲೇಟು. ಅಕ್ಕನ ಬಾಯಲ್ಲಿ ಅವು ಇಸ್ಟೋ, ಗಿಲಾಸು, ಪಿಲೇಟು. ಅವಳ ತವರಿನಲ್ಲಿ ಎಲ್ಲರೂ ಅನ್ನುವುದು ಹಾಗೆಯೇ. ನಮ್ಮ ಮೈದುನ ಆಗ ಹೈಸ್ಕೂಲು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ. ನೆಂಟರು ಬಂದಾಗಲೆಲ್ಲ ಅವನಿಗೆ ಇದೊಂದು ಆಟ.

"ಅತ್ತಿಗೆ, ನೀರು ಎಂತದ್ರಲ್ಲಿ ತಂದ್ರಿ? ಒಂದ್ಸಲ ಹೇಳಿ, ಇವರೂ ಕೇಳ್ಲಿ."

ಅವಳು ಹೇಳುತ್ತಿದ್ದಳು. ಜಗಲಿಯವರೆಲ್ಲ ನಗುತ್ತಿದ್ದರು. ಮಾವನವರೂ ಮೀಸೆಯೊಳಗೇ ನಗುತ್ತಿದ್ದರು. ಅದೇ ಮಾವನವರು ದಿನಾ ಅಮಲ್ದಾರರ 'ಆಪೀಸಿ'ಗೆ ಹೋಗಿ ಬರುತ್ತಿದ್ದರು, ಬಂದು 'ಕಾಪಿ' ಕೇಳುತ್ತಿದ್ದರು. ಅದಕ್ಕೆ ನಕ್ಕವರನ್ನು ನಾನು ಕಾಣೆ. ಭಾವ, ಅಂದರೆ ಅಕ್ಕನ ಗಂಡ, ತಾವು ನಗುತ್ತಿರಲಿಲ್ಲ, ನಗುವವರನ್ನು ತಡೆಯುತ್ತಲೂ ಇರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು.

ಮೊದಮೊದಲು ಅಕ್ಕನೂ ಜೊತೆಗೆ ನಗುತ್ತಿದ್ದಳಂತೆ. ಮಗಳನ್ನು ಶಾಲೆಗೆ ಹಾಕಿದ ವರ್ಷ ಅದು ನಿಂತಿತು. ಒಂದು ಸಂಜೆ ಆ ಹುಡುಗಿ ಚಿಕ್ಕಪ್ಪನ ತೊಡೆಯ ಮೇಲೆ ಕೂತು, "ಅಮ್ಮಂಗೆ ಹೇಳೋಕೇ ಬರಲ್ಲ, ಗ್ಲಾಸು ಅನ್ಬೇಕು" ಎಂದು ಕೈತಟ್ಟಿ ನಕ್ಕಳು. ನಾನು ಬಾಗಿಲಲ್ಲೇ ಇದ್ದೆ. ಅಕ್ಕನ ಗದ್ದದ ಚುಕ್ಕೆಗಳು ಒಂದಾದವು. ಒಳಗೆ ಹೋದಳು.

ಅಂದಿನಿಂದ ಅಂಥ ಹೆಸರುಗಳನ್ನೇ ಬಿಟ್ಟಳು. ಸ್ಟೋವಿಗೆ 'ಆ ಎಣ್ಣಿ ಒಲಿ' ಎಂದಳು, ಗ್ಲಾಸಿಗೆ ಲೋಟ ಎಂದಳು, ಬೇರೆ ಹೆಸರು ಸಿಗದಿದ್ದರೆ ಬೆರಳು ತೋರಿಸಿದಳು. ದಿನಾ ಹೀಗೆ ಸುತ್ತಿ ಬಳಸಿ ಮಾತಾಡುವುದು ಎಂಥ ದಣಿವು ಎಂದು ಅವಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ಉಳಿದ ಮಾತೂ ಕಡಿಮೆಯಾಯಿತು. ಮಗಳಿಗೆ ತಲೆ ಬಾಚಿಕೋ ಎನ್ನುವುದಕ್ಕೂ ನನ್ನನ್ನೇ ಕರೆಯುತ್ತಿದ್ದಳು.

"ನಾ ಹೇಳಿದ್ರ ನಗ್ತಾಳ. ನೀನ ಹೇಳವ್ವ."

ಹೆತ್ತ ಮಗಳ ಹತ್ತಿರ ಬಾಯಿ ಬಿಡಲು ಅಂಜುವ ತಾಯಿಯನ್ನು ನಾನು ಅವಳೊಬ್ಬಳನ್ನೇ ಕಂಡದ್ದು.

ಅವಳ ತಮ್ಮನ ಮದುವೆಗೆ ನನ್ನನ್ನೂ ತವರಿಗೆ ಕರೆದುಕೊಂಡು ಹೋದಳು. ಶಿರಾಳಕೊಪ್ಪದವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಗಾಡಿ ಇಳಿದವಳೇ ಬೇರೆ ಹೆಂಗಸಾಗಿಬಿಟ್ಟಳು. "ಇಸ್ಟೋಕ್ಕ ಗಾಳಿ ಹಾಕು, ಪಿಲೇಟು ತೊಳದಿಡ್ರಿ, ಯಾರದು ಬಾಗಿಲಾಗ ನಿಂತಿದ್ದು" ಎಂದು ಮನೆಯನ್ನೆಲ್ಲ ಅವಳ ದನಿಯೇ ಆಳುತ್ತಿತ್ತು. ಇಷ್ಟು ದೊಡ್ಡ ದನಿ ಇವಳಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಬಾಯಾರಿ ನಾನು ಒಂದು ಗ್ಲಾಸು ನೀರು ಕೇಳಿದೆ. ಅಕ್ಕಿ ಆರಿಸುತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು.

"ಏನವ್ವ, ನಾಲಿಗಿ ಸುಟ್ಕೊಂಡೀಯೇನು? ಗಿಲಾಸು ಅನ್ನಾಕ ಬರಂಗಿಲ್ಲೇನು?"

ನನ್ನ ಕಿವಿ ಬಿಸಿಯಾಯಿತು. ಅಕ್ಕ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಆಕೀಗೆ ನಗಬ್ಯಾಡ್ರಿ. ಅವ್ರ ಕಡೀಗೆ ಹಂಗಂತಾರ, ನಾವು ಹಿಂಗಂತೀವಿ. ಮೊದ್ಲ ನೀರು ಕೊಡ್ರಿ."

ಅಷ್ಟೇ. ನಗು ನಿಂತಿತು, ನೀರು ಬಂತು. ನಮ್ಮ ಮನೆಯಲ್ಲಿ ಅವಳ ಪರವಾಗಿ ಯಾರೂ ಆಡದಿದ್ದ ಮಾತನ್ನು ಅವಳು ನನ್ನ ಪರವಾಗಿ ಆಡಿದ್ದಳು. ಬೇಕಿದ್ದರೆ ಆ ದಿನ ಅವಳೂ ಜೊತೆಗೆ ನಗಬಹುದಿತ್ತು, ನಕ್ಕಿದ್ದರೆ ತಪ್ಪೂ ಇರಲಿಲ್ಲ.

ಸೊರಬಕ್ಕೆ ಮರಳಿದ ವಾರದಲ್ಲೇ ನೆಂಟರು ಬಂದರು. ಮೈದುನ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ನಾನು ತಟ್ಟೆ ಹಿಡಿದು ಜಗಲಿಗೆ ಬಂದೆ.

"ಗಿಲಾಸಲ್ಲಿ ನೀರಿದೆ, ಪಿಲೇಟಲ್ಲಿ ಅವಲಕ್ಕಿ ಇದೆ, ಇಸ್ಟೋ ಮೇಲೆ ಕಾಫಿ ಇದೆ. ಇನ್ನೆಂತದು ಹೇಳ್ಬೇಕು ಮಾರಾಯ, ಹೇಳು."

ನಕ್ಕರು. ಮರುದಿನವೂ ಹಾಗೇ ಅಂದೆ. ಕುಪ್ಪಗಡ್ಡೆಯವಳಿಗೆ ಏನೋ ಹಿಡಿದಿದೆ ಎಂದು ಅತ್ತೆ ಗೊಣಗಿದರು. ನಾನು ಬಿಡಲಿಲ್ಲ. ಇಬ್ಬರು ಸೊಸೆಯರಲ್ಲಿ ಒಬ್ಬಳು ಅಂದರೆ ತಮಾಷೆ, ಇಬ್ಬರೂ ಅಂದರೆ ಅದು ಮನೆಮಾತು. ಮಳೆಗಾಲ ಮುಗಿಯುವಷ್ಟರಲ್ಲಿ ಮೈದುನನಿಗೇ ಬೇಜಾರು ಬಂದು ಬಿಟ್ಟುಬಿಟ್ಟ. ಜಗಳವಾಡಿ ಗೆದ್ದದ್ದಲ್ಲ ಅದು, ದಣಿಸಿ ಗೆದ್ದದ್ದು. ನಾನೂ ದಣಿದಿದ್ದೆ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗಿಂದ ಅಕ್ಕನ ದನಿ, ತವರಿನಲ್ಲಿ ಕೇಳಿದ್ದ ಆ ದೊಡ್ಡ ದನಿ ಬಂತು. "ಏ, ಇಸ್ಟೋ ಆರಿಸ್ದೇನ?" ಅಂಗಳದಿಂದ ಮಗಳು "ಹ್ಞೂಂ ಅಮ್ಮ, ಆರಿಸ್ದೆ" ಎಂದಳು. ನಗಲಿಲ್ಲ. ಅಕ್ಕ ಈ ವಿಷಯವನ್ನು ನನ್ನೊಡನೆ ಎಂದೂ ಎತ್ತಲಿಲ್ಲ. ಅಂದು ಮಧ್ಯಾಹ್ನ ನನ್ನ ಎಲೆಗೆ ಕೇಳದೆಯೇ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದಳು.

ಅಕ್ಕ ಹೋಗಿ ಬಹಳ ಕಾಲವಾಯಿತು. ಕೊನೆಯ ದಿನಗಳಲ್ಲಿ ಮಗಳು ಬಂದು ಹತ್ತಿರ ಕೂತಿದ್ದಳು. ಅಷ್ಟರಲ್ಲಿ ಅವಳೇ ಶಾಲೆಯ ಮೇಡಮ್ಮು. ಅಕ್ಕ ಬಾಯಾರಿ ಕೈ ಎತ್ತಿದಾಗ ಅವಳು ತಾಯಿಯ ತಲೆ ಎತ್ತಿ ಹಿಡಿದು, "ಗಿಲಾಸಲ್ಲಿ ನೀರು ತಂದಿದೀನಮ್ಮ, ಕುಡಿ" ಎಂದಳು. ಅಕ್ಕ ಕುಡಿಯದೆ ಸ್ವಲ್ಪ ಹೊತ್ತು ಮಗಳ ಮುಖ ನೋಡಿದಳು. ಗದ್ದ ಸಡಿಲವಾಗಿತ್ತು. ಮೂರು ಚುಕ್ಕೆಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಈಗ ನನ್ನ ಸೊಸೆಯಂದಿರು, "ಅತ್ತೆ, ಗ್ಲಾಸು ಅನ್ನಿ, ಜನ ನಗ್ತಾರೆ" ಎಂದು ತಿದ್ದುತ್ತಾರೆ. ಇದನ್ನೆಲ್ಲ ಹೇಳಿ ತಿಳಿಸುವ ತ್ರಾಣ ನನಗಿಲ್ಲ. ನಗುವವರು ನಗಲಿ. ಅಕ್ಕನ ಸೀರೆ, ಬಳೆ, ಹಿತ್ತಾಳೆ ಪಾತ್ರೆ ಎಲ್ಲವೂ ಯಾರ ಯಾರ ಪಾಲಿಗೋ ಹೋದವು. ಅಕ್ಕನದು ಅಂತ ನನ್ನ ಹತ್ತಿರ ಉಳಿದಿರುವುದು ಆ ಮಾತೊಂದೇ.