ಅಪ್ಪ ಕ್ಷಮೆ ಕೇಳಲು ಹೋದದ್ದು

ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಮೇಲಿನ ಮನೆಯವರ ಬಚ್ಚಲಿನ ನೀರು ನಮ್ಮ ಅಡುಗೆಮನೆಗೆ ಸೋರುತ್ತಿತ್ತು. ಅಪ್ಪ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು, ಗಿರಾಕಿಗಳೆದುರು ಎಂದೂ ದನಿ ಏರಿಸಿದವರಲ್ಲ. ಒಂದು ಭಾನುವಾರ ಮೆಟ್ಟಿಲ ಮೇಲೆ ಆ ಮನೆಯ ಯಜಮಾನರೊಡನೆ ಮಾತಿಗೆ ಮಾತು ಬೆಳೆದು, ಅಪ್ಪ ಅವರನ್ನು ತಳ್ಳಿಬಿಟ್ಟರು. ಅವರ ತೋಳು ಮುರಿಯಿತು.

ಕಲ್ಯಾಣದ ಕೋರ್ಟಿನಲ್ಲಿ ಅಪರಾಧ ಸಾಬೀತಾಯಿತು. ಮೊದಲ ತಪ್ಪು, ವಯಸ್ಸೂ ಆಗಿದೆ ಎಂದು ನ್ಯಾಯಾಧೀಶರು ಜೈಲಿಗೆ ಕಳಿಸದೆ ಒಂದು ವರ್ಷದ ಪ್ರೊಬೇಷನ್ ಕೊಟ್ಟರು. ತಿಂಗಳಿಗೊಮ್ಮೆ ಅಧಿಕಾರಿಯ ಮುಂದೆ ಹಾಜರಾಗಬೇಕು, ಆ ಮನೆಯವರ ಹತ್ತಿರ ಸುಳಿಯಬಾರದು. ಹೋಟೆಲಿನ ಧಣಿ ಜಾಮೀನು ನಿಂತರು. ನಾವು ನನ್ನ ಆಫೀಸಿನ ಹತ್ತಿರ, ಘಣಸೋಲಿಗೆ ಮನೆ ಬದಲಿಸಿದೆವು.

ಅಪ್ಪ ಒಂದು ತಿಂಗಳೂ ಹಾಜರಿ ತಪ್ಪಿಸಲಿಲ್ಲ. ಆದರೆ ಕೇಸು ನಡೆಯುವಾಗ ತಪ್ಪಾಯಿತು ಎಂದು ಹೇಳಲು ವಕೀಲರು ಬಿಟ್ಟಿರಲಿಲ್ಲ. ಅದು ಅವರನ್ನು ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ, ಹೋಟೆಲಿನಿಂದ ಕಾಶಿ ಹಲ್ವ ಕಟ್ಟಿಸಿಕೊಂಡು ಆ ಮನೆಗೆ ಹೋದರು. ಯಜಮಾನರ ಹೆಂಡತಿ ಒಬ್ಬರೇ ಇದ್ದರು. ಅಪ್ಪನನ್ನು ಕಂಡವರೇ ಬಾಗಿಲು ಹಾಕಿ ಪೊಲೀಸರಿಗೆ ಫೋನ್ ಮಾಡಿದರು. ಗಂಡ ಬರಲಿ ಎಂದು ಅಪ್ಪ ಅಲ್ಲೇ ಕಾಯುತ್ತಿದ್ದರು. ಬಂದದ್ದು ಪೊಲೀಸರು.

ಹಳೆಯ ವಿಳಾಸಕ್ಕೆ ಬಂದ ಟಪಾಲು ಕೇಳಲು ಹೋಗಿದ್ದೆ ಎನ್ನಿ, ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ವಕೀಲರು ಹೇಳಿಕೊಟ್ಟಿದ್ದರು. ಕೋರ್ಟಿನಲ್ಲಿ ಅಪ್ಪ ಗಲ್ಲಾದಲ್ಲಿ ಕೂತು ಕಲಿತ ಮರಾಠಿಯಲ್ಲಿ ನಿಜವನ್ನೇ ಹೇಳಿದರು: "ಕ್ಷಮೆ ಕೇಳಲು ಹೋಗಿದ್ದೆ ಸಾಹೇಬರೇ. ಹೋಗಬಾರದು ಅಂತ ಗೊತ್ತಿತ್ತು."

"ಆ ಷರತ್ತು ನಿಮ್ಮ ಮನಸ್ಸು ಹಗುರವಾಗಲಿ ಅಂತ ಹಾಕಿದ್ದಲ್ಲ," ಅಂದರು ನ್ಯಾಯಾಧೀಶರು. "ಅವರು ಹೆದರಿಕೆಯಿಲ್ಲದೆ ಬಾಗಿಲು ತೆರೆಯಲಿ ಅಂತ ಹಾಕಿದ್ದು."

ಪ್ರೊಬೇಷನ್ ರದ್ದಾಯಿತು. ಹಳೆಯ ಅಪರಾಧಕ್ಕೇ ಎರಡು ತಿಂಗಳ ಸಜೆ. ಅಪ್ಪ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು ಕಾನ್‌ಸ್ಟೇಬಲ್ ಜೊತೆ ನಡೆದರು. ಜಾಮೀನಿನ ಹಣದ ವಿಷಯವಾಗಿ ಧಣಿಗೂ ನೋಟಿಸು ಹೋಯಿತು. ಅವರು ನಮ್ಮನ್ನು ಬೈಯಲಿಲ್ಲ. ಗಲ್ಲಾಕ್ಕೆ ಮಾತ್ರ ತಮ್ಮ ಅಳಿಯನನ್ನು ಕೂರಿಸಿದರು. ಬಿಡುಗಡೆಯಾದ ಮೇಲೆ ಕೆಲಸ ಕೇಳಿದ ಕಡೆಯಲ್ಲೆಲ್ಲ ಜೈಲಿನ ಸುದ್ದಿ ಅಪ್ಪನಿಗಿಂತ ಮೊದಲೇ ತಲುಪಿರುತ್ತಿತ್ತು. ಕೊನೆಗೆ ಅಂಬರನಾಥದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು.

ಆ ಹೆಂಗಸಿನ ಮೇಲೆ ನನಗೆ ಬಹಳ ಸಿಟ್ಟಿತ್ತು. ಒಂದು ಹಲ್ವದ ಪೊಟ್ಟಣಕ್ಕೆ ಯಾರಾದರೂ ಪೊಲೀಸರನ್ನು ಕರೆಯುತ್ತಾರೆಯೇ? ಕಳೆದ ವರ್ಷ ಡೊಂಬಿವಲಿ ಸ್ಟೇಷನ್ನಿನ ಹೊರಗೆ ತರಕಾರಿ ಕೊಳ್ಳುವಾಗ ಅವರೇ ನನ್ನ ಬಳಿ ಬಂದರು. ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ ತಡೆದು ತಡೆದು, "ಅವತ್ತು ಅವರ ಕೈಯಲ್ಲಿ ಏನಿತ್ತು ಅಂತ ನಾನು ನೋಡಲೇ ಇಲ್ಲ. ಮುಖ ಕಂಡದ್ದಷ್ಟೇ," ಅಂದರು. ಈಗಲೂ ಗಂಡ ಡ್ಯೂಟಿಗೆ ಹೋದ ಮೇಲೆ ಒಬ್ಬರೇ ಇರಲು ಹೆದರಿ ತಂಗಿಯನ್ನು ಮನೆಗೆ ಕರೆಸಿಕೊಳ್ಳುತ್ತಾರಂತೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ.

"ತಂಗಿ ದಿನಾ ಬರ್ತಾಳಂತಾ?" ಎಂದು ಕೇಳಿದರು.

ಹೌದಂತೆ ಅಂದೆ.

"ಒಳ್ಳೇದಾಯ್ತು," ಅಂದು ಊಟದ ಡಬ್ಬಿ ತೊಳೆಯಲು ಎದ್ದರು.