ವಿಮಾನ ನಿಲ್ದಾಣದ ಹೂಪ್ರಸಾದ

ಪುಣೆಯಲ್ಲಿದ್ದ ಅತ್ತೆಯ ತಂಗಿ ಹಾಸಿಗೆ ಹಿಡಿದು ಊಟವನ್ನೂ ಬಿಟ್ಟಿದ್ದರು. ಗುರುತು ಹತ್ತುವಾಗಲೇ ಒಮ್ಮೆ ಬಂದು ಹೋಗಿ ಎಂದು ಫೋನ್ ಬಂತು. ರೈಲಿಗೆ ಅತ್ತೆಯ ಮೊಣಕಾಲು ಒಪ್ಪುವುದಿಲ್ಲ. ನಮ್ಮವರು ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ತೆಗೆಸಿದರು.

ನಮ್ಮ ಮನೆಯಲ್ಲಿ ದೇವರನ್ನು ಕೇಳದೆ ದೂರದ ಪ್ರಯಾಣವಿಲ್ಲ. ದೇವರ ಎರಡೂ ಬದಿಗೆ ಹೂ ಏರಿಸಿ ಕೈಮುಗಿದು ಕೂರುವುದು; ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ಅಂದು ಬೆಳಿಗ್ಗೆ ಅತ್ತೆ ಎಷ್ಟು ಹೊತ್ತು ಕೂತರೂ ಹೂ ಅಲುಗಲಿಲ್ಲ. ಫ್ರಿಜ್ಜಿನಲ್ಲಿಟ್ಟ ಸೇವಂತಿಗೆ, ಒದ್ದೆಯಾಗಿ ಅಂಟಿಕೊಂಡಿತ್ತೇನೋ. ಮಗನ ಮುಖ ನೋಡಿ ಅತ್ತೆ ಕ್ಯಾಬ್ ಹತ್ತಿದರು. ಉಪ್ಪಲ್‌ನ ನಮ್ಮ ಮನೆಯಿಂದ ವಿಮಾನ ನಿಲ್ದಾಣದವರೆಗೂ ಹಿಂದಕ್ಕೇ ತಿರುಗಿ ನೋಡುತ್ತಿದ್ದರು.

ಟರ್ಮಿನಲ್ಲಿನೊಳಗೆ ಬ್ಯಾಗು ಕೊಟ್ಟು ಬಂದರೆ, ವೀಲ್‌ಚೇರಿನಲ್ಲಿದ್ದ ಅತ್ತೆ ಹಟ ಹೂಡಿ ಕೂತಿದ್ದರು.

"ನಾ ಬರೂದಿಲ್ಲವಾ. ದೇವರು ಬ್ಯಾಡ ಅಂದಾನ."

"ಬ್ಯಾಡ ಅಂದಿಲ್ರಿ ಅತ್ತಿ, ಸುಮ್ಮನದಾನ ಅಷ್ಟ."

"ಸುಮ್ಮನದಾನಂದ್ರ ಸಿಟ್ಟಿಗೆದ್ದಾನಂತ ತಿಳಿ. ನಿನ್ನ ಗಂಡನೂ ಹಂಗ ಅಲ್ಲೇನು?"

ನಗು ಬಂತು. ಆದರೆ ಅತ್ತೆಯ ಕಣ್ಣು ತುಂಬಿತ್ತು. ತಂಗಿಯ ಮುಖ ನೋಡುವ ಆಸೆ ಅವರಿಗೇನು ಕಡಿಮೆ ಇತ್ತೇ? ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ನಮ್ಮ ನೆತ್ತಿಯ ಮೇಲೆ, ಎತ್ತರದ ಚಾವಣಿಯಿಂದ ಸಣ್ಣ ತಂತಿಗಳಲ್ಲಿ ಅಲಂಕಾರಕ್ಕೆಂದು ಹಿತ್ತಾಳೆಯ ಹೂವಿನ ಎಸಳುಗಳನ್ನು ಇಳಿಬಿಟ್ಟಿದ್ದರು. ಮೋಟಾರು ತಂತಿ ಎಳೆದು ಬಿಡುತ್ತಿದ್ದಂತೆ ಒಂದು ಗುಂಪು ಏರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು, ಗಾಳಿಗೆ ಜೋಳದ ಹೊಲ ತೂಗಿದ ಹಾಗೆ. ಅತ್ತೆ ತಲೆಯೆತ್ತಿದರು. ಬಲಗಡೆಯ ಎಸಳುಗಳೆಲ್ಲ ಮೆಲ್ಲಗೆ ಕೆಳಗೆ ಬಂದವು. ಅವರು ಸೆರಗು ಹೊದ್ದು ಕೈಮುಗಿದರು.

"ಬಲಕ್ಕ ಇಳೀತು ನೋಡವಾ!"

ವೀಲ್‌ಚೇರ್ ತಳ್ಳುವ ಹೆಂಗಸು ನಕ್ಕು, ಅದು ಮಷೀನಮ್ಮ, ಈಗ ಎಡಕ್ಕೂ ಇಳಿಯುತ್ತದೆ ಎಂದು ತೆಲುಗಿನಲ್ಲಿ ಹೇಳಿದಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆಗೆ ತೆಲುಗು ಚೆನ್ನಾಗಿ ತಿಳಿಯುತ್ತದೆ.

"ಮನ್ಯಾಗಿನ ಮಿಕ್ಸರೂ ಮಷೀನ. ಆಯುಧಪೂಜಿಗೆ ಅದಕ್ಕ ಕುಂಕುಮ ಹಚ್ಚೂದಿಲ್ಲೇನು? ಎಡಕ್ಕೂ ಇಳೀಲಿ, ಬಲಕ್ಕ ಇಳಿದದ್ದು ಹೋಗಾಕ, ಅದು ಹೊಳ್ಳಿ ಬರಾಕ. ನಡೀರಿ, ಹೊತ್ತಾತು."

ಆ ಹೆಂಗಸಿಗೆ ಕನ್ನಡ ತಿಳಿಯಲಿಲ್ಲ. ಅತ್ತೆ ಮುಂದಕ್ಕೆ ಚಾಚಿದ ಕೈ ತಿಳಿಯಿತು.

ಮಧ್ಯಾಹ್ನ ಪುಣೆಯಲ್ಲಿ ಚಿಕ್ಕತ್ತೆ ಕಣ್ಣು ತೆರೆದು, "ಅಕ್ಕಾ, ಹೆಂಗ ಬಂದಿ ನೀ?" ಎಂದರು.

"ದೇವರು ಹೂ ಕೊಟ್ಟ," ಎಂದರು ಅತ್ತೆ. "ಹಿತ್ತಾಳೀದು."

ಅಕ್ಕನ ಕೈಯಿಂದ ಅವರು ಒಂದಿಷ್ಟು ಗಂಜಿ ಕುಡಿದರು.